ಜೀವಕೋಶದ ಚಿತ್ರ ಓದುವ ಯಂತ್ರ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹಾಸನದ ಹಳೆಯ ಬಡಾವಣೆಗಳ ಮನೆಯಂಗಳದಲ್ಲಿ, ಹೆಚ್ಚು ನೀರು ಗೊಬ್ಬರ ಕೇಳದೆ ವರ್ಷವಿಡೀ ಹೂ ಬಿಡುವ ಕಾಶಿಕಣಗಿಲೆ ಗಿಡವನ್ನು ನೀವೆಲ್ಲ ನೋಡಿರುತ್ತೀರಿ. ಈ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಔಷಧ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದು ತಗುಲಿದ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವಿಭಜನೆಯ ಹೊತ್ತಿನಲ್ಲಿ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಬೇಕಾದ ಸೂಕ್ಷ್ಮ ನಾಳಗಳು ಕೂಡಿಕೊಳ್ಳದೆ, ಕೋಶವು ಅರ್ಧದಲ್ಲೇ ನಿಂತು ಗುಂಡಗಾಗಿರುವುದು ಕಾಣುತ್ತದೆ. ಕೆಲವು ಕೋಶಗಳು ವಿಭಜನೆ ಮುಗಿಸದೆಯೇ ಆ ಹಂತದಿಂದ ಜಾರಿಕೊಂಡು, ಒಂದೇ ಕೋಶದೊಳಗೆ ನಾಲ್ಕಾರು ಪುಟ್ಟ ಕೋಶಕೇಂದ್ರಗಳನ್ನು ಇಟ್ಟುಕೊಂಡಿರುತ್ತವೆ. ಪಳಗಿದ ಕಣ್ಣಿಗೆ ಇಷ್ಟು ಸಾಕು. ಇದು ಯಾವ ಜಾತಿಯ ಔಷಧದ ಕೆಲಸವೆಂದು ಅದು ಹೇಳಬಲ್ಲದು. ಆದರೆ ಪರೀಕ್ಷಿಸಬೇಕಾದ ರಾಸಾಯನಿಕಗಳು ಲಕ್ಷದ ಲೆಕ್ಕದಲ್ಲಿದ್ದು, ಬದಲಾವಣೆಗಳೂ ಇಷ್ಟು ಢಾಳಾಗಿ ಕಾಣದಿದ್ದಾಗ ಮನುಷ್ಯನ ಕಣ್ಣು ಸೋಲುತ್ತದೆ. ಅಲ್ಲಿಗೆ ಯಂತ್ರಕಲಿಕೆ, ಅಂದರೆ ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ಮಷಿನ್ ಲರ್ನಿಂಗ್, ಬಂದಿದೆ.

ಔಷಧ ಹುಡುಕಲು ಸ್ಥೂಲವಾಗಿ ಎರಡು ದಾರಿಗಳಿವೆ. ರೋಗಕ್ಕೆ ಕಾರಣವಾದ ಒಂದು ಪ್ರೋಟೀನನ್ನು ಗುರುತಿಸಿ, ಅದಕ್ಕೆ ಅಂಟಿಕೊಳ್ಳುವ ಅಣುವನ್ನು ಅರಸುವುದು ಒಂದು. ಯಾವ ಪ್ರೋಟೀನೆಂಬ ಗೊಡವೆಗೆ ಹೋಗದೆ, ರೋಗಗ್ರಸ್ತ ಕೋಶವು ಯಾವ ಅಣುವಿನಿಂದ ಸುಧಾರಿಸುತ್ತದೆ ಎಂದು ನೇರವಾಗಿ ನೋಡುವುದು ಇನ್ನೊಂದು. ಎರಡನೆಯದು ಹಳೆಯ ಕಾಲದ್ದೆಂದು ಬಹಳಷ್ಟು ಜನ ಮೂಲೆಗೆ ಸರಿಸಿದ್ದರು. ಆದರೆ 1999ರಿಂದ 2008ರವರೆಗೆ ಅಮೆರಿಕದಲ್ಲಿ ಅನುಮತಿ ಪಡೆದ, ತಮ್ಮ ಬಗೆಯಲ್ಲಿ ಮೊದಲನೆಯವಾದ, ಸಣ್ಣ ಅಣುಗಳ ಔಷಧಗಳ ಮೂಲವನ್ನು 2011ರಲ್ಲಿ ಲೆಕ್ಕ ಹಾಕಿದಾಗ, ಕೋಶ ಅಥವಾ ಪ್ರಾಣಿಯ ಮೇಲಿನ ಪರಿಣಾಮವನ್ನೇ ನೋಡಿ ಸಿಕ್ಕಿದವು 28, ಪ್ರೋಟೀನಿನ ಬೆನ್ನು ಹತ್ತಿ ಸಿಕ್ಕಿದವು 17 ಎಂದು ತಿಳಿದುಬಂತು. ಹಳೆಯ ದಾರಿಗೆ ಮರಳಿ ಮರ್ಯಾದೆ ಬಂದದ್ದರಲ್ಲಿ ಈ ಲೆಕ್ಕದ ಪಾಲೂ ಇದೆ.

ಈ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಹದಿನಾರು ಸಾಲು, ಸಾಲಿಗೆ ಇಪ್ಪತ್ತನಾಲ್ಕರಂತೆ 384 ಗುಳಿಗಳು. ಪ್ರತಿ ಗುಳಿಯ ತಳದಲ್ಲಿ ಕೋಶಗಳನ್ನು ಬೆಳೆಸಿ, ಗುಳಿಗೊಂದರಂತೆ ಬೇರೆ ಬೇರೆ ರಾಸಾಯನಿಕವನ್ನು ಹನಿಸುತ್ತಾರೆ. ಒಂದೆರಡು ದಿನ ಬಿಟ್ಟು, ಕೋಶದ ಬೇರೆ ಬೇರೆ ಭಾಗಗಳಿಗೆ ಹತ್ತುವ ಹೊಳೆಯುವ ಬಣ್ಣಗಳನ್ನು ಹಾಕುತ್ತಾರೆ. ಅಮೆರಿಕದ ಬ್ರಾಡ್ ಸಂಸ್ಥೆಯಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ, ಸೆಲ್ ಪೇಂಟಿಂಗ್ ಎಂದು ಹೆಸರಾದ ವಿಧಾನದಲ್ಲಿ ಆರು ಬಣ್ಣಗಳಿರುತ್ತವೆ. ಕೋಶಕೇಂದ್ರ, ಮೈಟೊಕಾಂಡ್ರಿಯ, ಆಕ್ಟಿನ್ ಎಳೆಗಳು, ಗಾಲ್ಜಿ ಮೊದಲಾದ ಎಂಟು ಭಾಗಗಳನ್ನು ಅವು ಐದು ಚಿತ್ರಗಳಲ್ಲಿ ಬೇರ್ಪಡಿಸಿ ತೋರಿಸುತ್ತವೆ. ಒಂದು ಗುಳಿಯಲ್ಲಿ ಒಂಬತ್ತು ಕಡೆ ಚಿತ್ರ ತೆಗೆದರೆ ಒಂದೇ ತಟ್ಟೆಯಿಂದ 17,280 ಚಿತ್ರಗಳಾಗುತ್ತವೆ. ಇದಕ್ಕೆ ಬಹಳವಾಗಿ ಬಳಸುವ ಯು2ಓಎಸ್ ಎಂಬ ಕೋಶಗಳು 1964ರಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳ ಮೂಳೆ ಕ್ಯಾನ್ಸರಿನಿಂದ ತೆಗೆದವು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಚಿತ್ರ ಸಿಕ್ಕ ಮೇಲೆ ಯಂತ್ರದ ಮೊದಲ ಕೆಲಸ ಒಂದು ಕೋಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು. ಒತ್ತಾಗಿ ಬೆಳೆದ ಕೋಶಗಳಲ್ಲಿ ಇದು ತುಂಬಾ ಕಷ್ಟದ ಕೆಲಸವಾಗಿತ್ತು. 2015ರಲ್ಲಿ ಜರ್ಮನಿಯ ಫ್ರೈಬರ್ಗಿನಿಂದ ಬಂದ ಯು-ನೆಟ್ ಎಂಬ ನರಜಾಲದ, ಅಂದರೆ ಮಿದುಳಿನ ನರಕೋಶಗಳ ಜೋಡಣೆಯನ್ನು ಅನುಕರಿಸುವ ಕಂಪ್ಯೂಟರ್ ಲೆಕ್ಕಾಚಾರದ, ನಂತರ ಎಷ್ಟೋ ಸಲೀಸಾಯಿತು. ಆಮೇಲೆ ಪ್ರತಿ ಕೋಶದ ಗಾತ್ರ, ಆಕಾರ, ಹೊಳಪು, ಒಳಗಿನ ಹರಳುಹರಳಾದ ಅಥವಾ ನಯವಾದ ವಿನ್ಯಾಸ, ಹೀಗೆ ಸುಮಾರು 1,500 ಅಳತೆಗಳನ್ನು ಅದು ತೆಗೆಯುತ್ತದೆ. ಈ ಅಂಕಿಗಳ ಸಾಲೇ ಆ ರಾಸಾಯನಿಕದ ಗುರುತು. ಹೊಸ ಅಣುವೊಂದರ ಸಾಲು ವಿನ್‌ಕ್ರಿಸ್ಟಿನ್ನಿನ ಸಾಲನ್ನು ಹೋಲಿದರೆ, ಅದೂ ಬಹುಶಃ ಅದೇ ಬಗೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಶಂಕಿಸಬಹುದು. ಇತ್ತೀಚೆಗೆ ಅಳತೆಗಳನ್ನು ಮನುಷ್ಯ ಮೊದಲೇ ಗೊತ್ತುಮಾಡದೆ, ಏನನ್ನು ಅಳೆಯಬೇಕೆಂಬುದನ್ನೂ ನರಜಾಲವೇ ಚಿತ್ರಗಳಿಂದ ಕಲಿಯುವಂತೆ ಬಿಡುತ್ತಾರೆ.

ತೊಡಕು ಇಲ್ಲೇ ಇದೆ. ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಿಂದೆ ಹೆಂಗಸರು ಸಾಲಾಗಿ ಕೂತು ಕೈಯಲ್ಲಿ ಆರಿಸುತ್ತಿದ್ದ ಬೀಜವನ್ನು ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಆರಿಸುತ್ತವೆ. ಕಪ್ಪು ಬೀಜ ಕೆಟ್ಟದ್ದೆಂದು ಆ ಯಂತ್ರಕ್ಕೆ ನಾವು ಮೊದಲೇ ಹೇಳಿರುತ್ತೇವೆ. ಕೋಶಚಿತ್ರದ ಯಂತ್ರಕ್ಕೆ ಅಂಥ ಮಾತನ್ನು ಯಾರೂ ಹೇಳಿರುವುದಿಲ್ಲವಾದ್ದರಿಂದ, ಕಂಡ ವ್ಯತ್ಯಾಸವನ್ನೆಲ್ಲ ಅದು ಮುಖ್ಯವೆಂದೇ ಹಿಡಿಯುತ್ತದೆ. ತಟ್ಟೆಯ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುವುದರಿಂದ ಅಲ್ಲಿನ ಕೋಶಗಳು ಬೇರೆಯಾಗಿ ಬೆಳೆಯುತ್ತವೆ. ಸೋಮವಾರ ಹಾಕಿದ ಬಣ್ಣ ಗುರುವಾರದ್ದಕ್ಕಿಂತ ಒಂದು ಕೂದಲೆಳೆಯಷ್ಟು ಗಾಢವಾಗಿರುತ್ತದೆ. ಒಂದೇ ರಾಸಾಯನಿಕವನ್ನು ಪ್ರತಿ ಸಲವೂ ಒಂದೇ ಮೂಲೆಯಲ್ಲಿ ಹನಿಸಿದ್ದರೆ, ಯಂತ್ರ ಕಲಿಯುವುದು ರಾಸಾಯನಿಕವನ್ನಲ್ಲ, ಮೂಲೆಯನ್ನು. ರಿಕರ್ಷನ್ ಎಂಬ ಅಮೆರಿಕದ ಕಂಪನಿ 2019ರಲ್ಲಿ 51 ಪ್ರತ್ಯೇಕ ಪ್ರಯೋಗಗಳ ಚಿತ್ರಗಳನ್ನು ಬಹಿರಂಗಪಡಿಸಿ ಒಂದು ಸ್ಪರ್ಧೆಯನ್ನೇ ಏರ್ಪಡಿಸಿದ್ದು ಈ ತೊಡಕಿಗಾಗಿಯೇ. ಕೋಶದಲ್ಲಿ ಯಾವ ಜೀನಿನ ಕೆಲಸವನ್ನು ತಗ್ಗಿಸಲಾಗಿದೆ ಎಂಬುದನ್ನು, 1,108 ಬಗೆಗಳಲ್ಲಿ, ಯಂತ್ರ ಹಿಂದೆ ಕಂಡೇ ಇರದ ಪ್ರಯೋಗದ ಚಿತ್ರಗಳಲ್ಲಿ ಗುರುತಿಸಬೇಕೆಂಬುದು ಅಲ್ಲಿಯ ಪಂಥ. ಹೀಗಾಗಿ ರಾಸಾಯನಿಕಗಳ ಜಾಗವನ್ನು ತಟ್ಟೆಯಿಂದ ತಟ್ಟೆಗೆ ಅದಲುಬದಲು ಮಾಡುವುದು, ಪ್ರತಿ ತಟ್ಟೆಯಲ್ಲೂ ಔಷಧವಿಲ್ಲದ ಗುಳಿಗಳನ್ನು ಇಟ್ಟು ಅವುಗಳಿಗೆ ಹೋಲಿಸಿ ಅಳೆಯುವುದು, ಇಂಥ ಬೇಸರದ ಕೆಲಸಗಳ ಮೇಲೆಯೇ ಫಲಿತಾಂಶ ನಿಂತಿದೆ. ಹೊಸ ನರಜಾಲದ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ತಟ್ಟೆ ಜೋಡಿಸಿದವರ ಹೆಸರು ಬರುವುದಿಲ್ಲ. ನನ್ನ ಅಂದಾಜಿನಲ್ಲಿ ಹೆಚ್ಚು ಪಾಲು ಎರಡನೆಯವರದು.

ಇಷ್ಟೆಲ್ಲ ಸರಿಹೋದ ಮೇಲೂ ಕೈಗೆ ಸಿಗುವುದು ಮುಂದೆ ಪರೀಕ್ಷಿಸಬೇಕಾದ ಅಣುಗಳ ಒಂದು ಪಟ್ಟಿಯೇ ಹೊರತು ಔಷಧವಲ್ಲ. ಮಿದುಳಿನ ರಕ್ತನಾಳಗಳು ಊದಿಕೊಳ್ಳುವ ಒಂದು ವಿರಳ ಕಾಯಿಲೆಗೆ ಕೋಶಚಿತ್ರಗಳಿಂದಲೇ ಆರಿಸಿದ ಆರ್‌ಇಸಿ-994 ಎಂಬ ಅಣು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಹೋಯಿತು, ಸುರಕ್ಷಿತವೆಂದೂ ಕಂಡಿತು. ಆದರೆ ಮೊದಲು ಕಂಡ ಗುಣ ದೀರ್ಘಾವಧಿಯಲ್ಲಿ ಉಳಿಯದ ಕಾರಣ, ಅದೇ ರಿಕರ್ಷನ್ ಕಂಪನಿ 2025ರಲ್ಲಿ ಅದನ್ನು ಕೈಬಿಟ್ಟಿತು.

ನಮ್ಮ ಮಲೆನಾಡಿಗೆ ಇದರಿಂದ ಏನು ಎಂದು ಕೇಳಬಹುದು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಜನರನ್ನೂ ಕಾಡುತ್ತಿದೆ; ಉಣುಗು ಕಚ್ಚಿ ಹರಡುವ ಆ ವೈರಸ್ಸಿಗೆ ನಿರ್ದಿಷ್ಟ ಔಷಧ ಇನ್ನೂ ಇಲ್ಲ. ಕೆಲವೇ ಜಿಲ್ಲೆಗಳ ಕಾಡಂಚಿನ ಕಾಯಿಲೆಗಾಗಿ ಮೊದಲಿನಿಂದ ಔಷಧ ಕಟ್ಟಲು ದೊಡ್ಡ ಕಂಪನಿಗಳು ಮುಂದೆ ಬರುವುದು ಅಪರೂಪ. ಬೇರೆ ರೋಗಗಳಿಗೆ ಈಗಾಗಲೇ ಬಳಕೆಯಲ್ಲಿರುವ ಔಷಧಗಳಲ್ಲಿ ಯಾವುದಾದರೂ, ಸೋಂಕು ತಗುಲಿದ ಕೋಶವನ್ನು ಆರೋಗ್ಯವಂತ ಕೋಶದ ರೂಪಕ್ಕೆ ತರುತ್ತದೆಯೇ ಎಂದು ಚಿತ್ರಗಳಲ್ಲಿ ಹುಡುಕುವುದು ಅದಕ್ಕಿಂತ ಕಡಿಮೆ ಖರ್ಚಿನ ದಾರಿ. ವೈರಸ್ಸನ್ನು ಮುಟ್ಟುವ ಕೆಲಸವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಅತಿ ಭದ್ರತೆಯ ಪ್ರಯೋಗಾಲಯದಲ್ಲೇ ಮಾಡಬೇಕು. ಚಿತ್ರ ಓದುವ ಕೆಲಸವನ್ನು ಎಲ್ಲಿ ಬೇಕಾದರೂ ಮಾಡಬಹುದು.

ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಅಥವಾ ಜೈವಿಕ ತಂತ್ರಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಇಂದೇ ಅಭ್ಯಾಸ ಆರಂಭಿಸಲು ಅಡ್ಡಿಯಿಲ್ಲ. ಜಂಪ್ ಎಂಬ ಒಕ್ಕೂಟವು 1,16,000ಕ್ಕೂ ಹೆಚ್ಚು ರಾಸಾಯನಿಕಗಳ ಕೋಶಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. 2006ರಿಂದ ಬಳಕೆಯಲ್ಲಿರುವ ಸೆಲ್‌ಪ್ರೊಫೈಲರ್ ಎಂಬ ತಂತ್ರಾಂಶವೂ ಉಚಿತ. ಜಂಪ್‌ನ ಸಂಗ್ರಹದಿಂದ ಕೆಲವೇ ತಟ್ಟೆಗಳ ಚಿತ್ರಗಳನ್ನು ತೆಗೆದುಕೊಂಡು, ಔಷಧವಿಲ್ಲದ ಗುಳಿಗಳನ್ನು ಮಾತ್ರ ಯಂತ್ರಕ್ಕೆ ಕೊಟ್ಟು, ಇದು ಯಾವ ತಟ್ಟೆಯದೆಂದು ಕೇಳಿ ನೋಡಿ. ಅದು ಸರಿಯಾಗಿ ಹೇಳಿಬಿಟ್ಟರೆ, ಔಷಧದ ವಿಚಾರಕ್ಕೆ ಹೋಗುವ ಮೊದಲು ತಟ್ಟೆತಟ್ಟೆಗಳ ನಡುವಿನ ಆ ವ್ಯತ್ಯಾಸವನ್ನು ತೆಗೆಯುವ ಕೆಲಸ ಬಾಕಿ ಇದೆ ಎಂದು ತಿಳಿಯಿರಿ. ನಮಸ್ಕಾರ.