ಕಿಡ್ನಿ ಕಸಿ ಆದವರಿಗೆ ಬಿಡದ ತಲೆನೋವು: ಫಂಗಸ್ ಇರಬಹುದಾ?

[ದೃಶ್ಯ: ದಾದರ್ ಕಬೂತರ್‌ಖಾನಾ, ಪಾರಿವಾಳಗಳು]

ನಮಸ್ಕಾರ. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಈ ಕಬೂತರ್‌ಖಾನಾ ಮುಚ್ಚಿದಾಗ ಆದ ಗಲಾಟೆ ಮುಂಬೈ ಕನ್ನಡಿಗರಿಗೆ ನೆನಪಿರುತ್ತದೆ. ಆಗ ಮಾತೆಲ್ಲ ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಆಗುವ ತೊಂದರೆಯದ್ದು. ಇವತ್ತು ಮೆದುಳಿನ ವಿಷಯ.

ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಕ್ರಿಪ್ಟೋಕಾಕಸ್ ಅನ್ನುವ ಫಂಗಸ್ ಇರುತ್ತದೆ. ಧೂಳಿನ ಜೊತೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಆರೋಗ್ಯವಂತರ ದೇಹ ಸಾಮಾನ್ಯವಾಗಿ ಅದನ್ನು ಅಲ್ಲೇ ಅದುಮಿಡುತ್ತದೆ. ಕಸಿ ಆದವರ ಕತೆ ಬೇರೆ. ಹೊಸ ಕಿಡ್ನಿ ಉಳಿಯಲಿ ಅಂತ ಕೊಡುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಸ್ಟೀರಾಯ್ಡ್‌ಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ವರ್ಷಗಳಿಂದ ಸುಮ್ನೆ ಕೂತಿದ್ದ ಫಂಗಸ್ ಕೂಡ ಎದ್ದು, ರಕ್ತದ ಮೂಲಕ ಮೆದುಳಿನ ಪೊರೆ ಸೇರಬಹುದು. ಅದೂ ಹೆಚ್ಚಾಗಿ ಆಪರೇಷನ್ ಆಗಿ ವರ್ಷ ದಾಟಿದ ಮೇಲೆ, ಮನೆಯವರೆಲ್ಲ ನಿರಾಳವಾದ ಹೊತ್ತಿಗೆ.

ರೀಡೆವಲಪ್‌ಮೆಂಟ್ ಅಂತ ಬಿಲ್ಡಿಂಗ್ ಒಡೆಯುವ ಧೂಳಿನಲ್ಲಿ ಇನ್ನೊಂದು ಫಂಗಸ್ ಇರುತ್ತದೆ, ಆಸ್ಪರ್ಜಿಲಸ್. ಅದು ಮೆದುಳಿನಲ್ಲಿ ಕೀವುಗಡ್ಡೆ ಮಾಡಬಹುದು. ಅಪರೂಪ, ಆದರೆ ಬಂದರೆ ಬಹಳ ಅಪಾಯ.

ಲಕ್ಷಣಗಳೋ, ತೀರಾ ಸಾದಾ. ದಿನಗಟ್ಟಲೆ, ವಾರಗಟ್ಟಲೆ ಬಿಡದ ತಲೆನೋವು. ವಾಂತಿ. ಕಣ್ಣು ಮಂಜು. ಮಾತಿನಲ್ಲಿ ಗಲಿಬಿಲಿ. ಜ್ವರ ಬರಲೇಬೇಕು ಅಂತಿಲ್ಲ. "ಲೋಕಲ್‌ನಲ್ಲಿ ನಿಂತು ಬಂದಿರಲ್ಲ, ಅದಕ್ಕೇ" ಅಂತ ಮಾತ್ರೆ ನುಂಗಿಸಿ ಮಲಗಿಸುತ್ತೇವೆ, ಅಲ್ವಾ? ಕಸಿ ಆದವರ ವಿಷಯದಲ್ಲಿ ಹಾಗೆ ಮಾಡಬೇಡಿ. ಅದೇ ದಿನ ಕಸಿ ಮಾಡಿದ ಡಾಕ್ಟರಿಗೆ ತಿಳಿಸಿ.

[ದೃಶ್ಯ: ಬೆನ್ನೆಲುಬಿನ ಚಿತ್ರ]

ಅವರು ಸ್ಕ್ಯಾನ್ ಜೊತೆಗೆ ಬೆನ್ನಿನ ನೀರು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆಯಬೇಕು ಅನ್ನಬಹುದು. ಇಲ್ಲೇ ಬಹಳ ಜನ ಹಿಂದೆ ಸರಿಯುವುದು. "ಕಾಲು ಹೋಗುತ್ತಂತೆ" ಅನ್ನುವ ಭಯ. ಚಿತ್ರ ನೋಡಿ: ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ, ಹುರಿಗೆ ತಾಗದ ಹಾಗೆ. ಕ್ರಿಪ್ಟೋಕಾಕಸ್ ಇದ್ದರೆ ಎಷ್ಟೋ ಜನರಿಗೆ ತಲೆಯೊಳಗಿನ ಒತ್ತಡ ಏರಿರುತ್ತದೆ. ನೀರು ತೆಗೆದರೆ ಅದು ಇಳಿಯುತ್ತದೆ, ತಲೆನೋವೂ ತಗ್ಗುತ್ತದೆ. ಕೆಲವರಿಗೆ ದಿನಾ ತೆಗೆಯಬೇಕಾಗುತ್ತದೆ. ಅಂದರೆ ಪರೀಕ್ಷೆಯೂ ಅದೇ, ಚಿಕಿತ್ಸೆಯೂ ಅದೇ.

ಕ್ರಿಪ್ಟೋಕಾಕಸ್‌ಗೆ ಔಷಧ ಕನಿಷ್ಠ 2 ವಾರ ಆಂಫೊಟೆರಿಸಿನ್ ಡ್ರಿಪ್, ಜೊತೆಗೆ ಫ್ಲೂಸೈಟೊಸಿನ್. ಆಮೇಲೆ ತಿಂಗಳುಗಟ್ಟಲೆ ಫ್ಲುಕೊನಜೋಲ್ ಮಾತ್ರೆ. ಈ ಫ್ಲುಕೊನಜೋಲ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣ ಏರಿಸಿ ಕಿಡ್ನಿಗೇ ಪೆಟ್ಟು ಕೊಡಬಲ್ಲದು. ಅದಕ್ಕೇ ಡಾಕ್ಟರ್ ಡೋಸ್ ಬದಲಿಸುತ್ತಾರೆ, ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕಸಿಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗಜಕರ್ಣಕ್ಕೆ ಅಂತ ಮೆಡಿಕಲ್‌ನಲ್ಲಿ ಇದೇ ಜಾತಿಯ ಮಾತ್ರೆ ಕೊಡುತ್ತಾರೆ. ಅದನ್ನೂ ಕೇಳದೆ ತಗೋಬೇಡಿ.