ಬೆಕ್ಕಿನ ಹೊಟ್ಟೆ ಬೋಳಾಗ್ತಿದ್ಯಾ? ‘ಟೆನ್ಷನ್’ ಅನ್ನೋ ಮೊದಲು ಇದನ್ನ ನೋಡಿ

[ದೃಶ್ಯ: ಸೋಫಾ ಮೇಲೆ ಅಂಗಾತ ಮಲಗಿದ ಬೆಕ್ಕು. ಕ್ಯಾಮೆರಾ ನಿಧಾನಕ್ಕೆ ಹೊಟ್ಟೆಯ ಹತ್ತಿರ ಬರುತ್ತೆ.]

ಈ ಹೊಟ್ಟೆ ನೋಡಿ. ಗಾಯ ಇಲ್ಲ, ಕೆಂಪಾಗಿಲ್ಲ, ಹೊಟ್ಟು ಎದ್ದಿಲ್ಲ. ಆದ್ರೆ ಒಳತೊಡೆಯಿಂದ ಹೊಟ್ಟೆಯ ಮಧ್ಯದವರೆಗೆ ಯಾರೋ ಟ್ರಿಮ್ಮರ್ ಆಡಿಸಿದ ಹಾಗೆ ನುಣ್ಣಗಾಗಿದೆ. ಮನೆಯವರನ್ನ ಕೇಳಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ: “ಇದು ಹೊರಗೇ ಹೋಗಲ್ಲ, ಚಿಗಟ ಎಲ್ಲಿಂದ ಬರಬೇಕು? ಟೆನ್ಷನ್‌ಗೆ ನೆಕ್ಕಿಕೊಳ್ತಿದೆ.”

ಬಹಳ ಸಲ ಈ ತೀರ್ಮಾನ ತಪ್ಪಾಗಿರುತ್ತೆ. 2006ರಲ್ಲಿ ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮಾನಸಿಕ ಕಾರಣಕ್ಕೇ ಕೂದಲು ಹೋಗಿದೆ ಅಂತ ಅಂದುಕೊಂಡಿದ್ದ 21 ಬೆಕ್ಕುಗಳನ್ನ ಪೂರ್ತಿ ತಪಾಸಣೆ ಮಾಡಿದ್ರು. 16ರಲ್ಲಿ ಸಿಕ್ಕಿದ್ದು ದೇಹದ ಕಾಯಿಲೆ. 3ರಲ್ಲಿ ಕಾಯಿಲೆ, ಮನಸ್ಸು ಎರಡೂ. ಬರೀ ಮನಸ್ಸಿನದ್ದು ಅಂತ ಉಳಿದದ್ದು ಎರಡೇ ಬೆಕ್ಕು. ಹಾಗಾಗಿ ಮೊದಲು ನವೆ ಇದ್ಯಾ, ನೋವು ಇದ್ಯಾ ಅಂತ ಹುಡುಕಬೇಕು. ಟೆನ್ಷನ್ ಮಾತು ಕೊನೆಗೆ.

ಮೊದಲ ಪ್ರಶ್ನೆ: ಕೂದಲು ತಾನಾಗಿ ಉದುರ್ತಿದ್ಯಾ, ಬೆಕ್ಕೇ ಕೀಳ್ತಿದ್ಯಾ? ಬೋಳಾದ ಜಾಗದ ಅಂಚಲ್ಲಿ ಬೆರಳನ್ನ ಎದುರು ದಿಕ್ಕಿಗೆ ಸವರಿ. ಮೂರು ದಿನ ಶೇವ್ ಮಾಡದ ಗಡ್ಡದ ಹಾಗೆ ಮೊಂಡುಮೊಂಡಾಗಿ ಚುಚ್ಚಿದ್ರೆ ಅದು ನೆಕ್ಕಿ ತುಂಡಾದ ಕೂದಲು. ಬೆಕ್ಕಿನ ನಾಲಿಗೆ ಮೇಲೆ ಗಂಟಲ ಕಡೆಗೆ ಬಾಗಿದ ಗಟ್ಟಿ ಮುಳ್ಳುಗಳಿರುತ್ತವೆ. ಒಂದೇ ಜಾಗವನ್ನ ಮತ್ತೆಮತ್ತೆ ನೆಕ್ಕಿದ್ರೆ ಕೂದಲು ಮಧ್ಯಕ್ಕೇ ಮುರಿಯುತ್ತೆ. ಡಾಕ್ಟರ್ ನಾಲ್ಕು ಕೂದಲು ಕಿತ್ತು ಮೈಕ್ರೋಸ್ಕೋಪ್ ಕೆಳಗಿಟ್ಟರೆ ನಿಮಿಷದಲ್ಲಿ ಗೊತ್ತಾಗುತ್ತೆ. ತಾನಾಗಿ ಉದುರೋ ಕೂದಲಿನ ತುದಿ ಸೂಜಿ ಹಾಗೆ ಸಣ್ಣಗಾಗಿರುತ್ತೆ, ನೆಕ್ಕಿದ್ದರ ತುದಿ ಮುರಿದ ಕಡ್ಡಿ ಹಾಗೆ.

“ನೆಕ್ಕೋದನ್ನ ನಾವು ನೋಡೇ ಇಲ್ಲ” ಅನ್ನಬೇಡಿ. ಎಷ್ಟೋ ಬೆಕ್ಕುಗಳು ಮಂಚದ ಕೆಳಗೆ ಕೂತು, ರಾತ್ರಿ ಹೊತ್ತು ಈ ಕೆಲಸ ಮಾಡ್ತವೆ. ಕಕ್ಕದಲ್ಲಿ ಕೂದಲು, ಮೊದಲಿಗಿಂತ ಹೆಚ್ಚು ಕೂದಲುಂಡೆ ವಾಂತಿ, ಇವೇ ಸಾಕ್ಷಿ. ಇನ್ನೊಂದು ಮಾತು: ಕಿವಿ ಮತ್ತು ಕಣ್ಣಿನ ನಡುವಿನ ಜಾಗದಲ್ಲಿ ಕೂದಲು ತೆಳುವಾಗಿರೋದು ಬೆಕ್ಕಿಗೆ ಸಹಜ. ಅದಕ್ಕೆ ಹೆದರಬೇಡಿ.

[ದೃಶ್ಯ: ಬಿಳಿ ಟಿಶ್ಯೂ, ಚಿಗಟದ ಬಾಚಣಿಗೆ, ನೀರಿನ ಬಟ್ಟಲು]

ಈಗ ಚಿಗಟ. ಬಾಲದ ಬುಡದ ಮೇಲೆ, ಸೊಂಟದ ಹತ್ತಿರ ಹಲ್ಲು ಒತ್ತಾಗಿರೋ ಬಾಚಣಿಗೆಯಿಂದ ಹತ್ತು ಸಲ ಬಾಚಿ. ಬಂದ ಕಸವನ್ನ ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ, ಎರಡು ನಿಮಿಷ ಕಾಯಿರಿ. ಕರಿ ಚುಕ್ಕಿಯ ಸುತ್ತ ಇಟ್ಟಿಗೆ ಬಣ್ಣ ಹರಡಿದ್ರೆ ಅದು ಧೂಳಲ್ಲ, ಚಿಗಟದ ಹಿಕ್ಕೆ. ಅಂದ್ರೆ ಜೀರ್ಣವಾದ ರಕ್ತ. ಗುದದ ಹತ್ತಿರ ಅಕ್ಕಿಕಾಳಿನಂಥ ಚೂರು ಅಂಟಿದ್ರೆ ಅದು ಲಾಡಿಹುಳುವಿನ ತುಂಡು. ಆ ಹುಳು ಹೆಚ್ಚಾಗಿ ಬರೋದೇ ಚಿಗಟ ನುಂಗಿದ್ರಿಂದ.

ಏನೂ ಸಿಗಲಿಲ್ಲ ಅಂದ್ರೆ ಚಿಗಟ ಇಲ್ಲ ಅಂತಲ್ಲ. ಅಲರ್ಜಿ ಇರೋ ಬೆಕ್ಕಿಗೆ ಒಂದೆರಡು ಕಡಿತ ಸಾಕು, ಆಮೇಲೆ ಅದೇ ನೆಕ್ಕಿನೆಕ್ಕಿ ಚಿಗಟವನ್ನೂ ನುಂಗಿಬಿಡುತ್ತೆ. ಮನೆ ನಾಯಿಯ ಮೈಮೇಲೆ ಬರಬಹುದು, ನಮ್ಮ ಬಟ್ಟೆಗೆ ಅಂಟಿಕೊಂಡೂ ಬರಬಹುದು. ನಮ್ಮ ಬೆಚ್ಚಗಿನ ಹವೆಯಲ್ಲಿ, ಅದ್ರಲ್ಲೂ ಕರಾವಳಿಯಲ್ಲಿ, ಚಿಗಟಕ್ಕೆ ರಜೆ ಅನ್ನೋದೇ ಇಲ್ಲ.

ಅದಕ್ಕೇ ಚಿಗಟದ ಔಷಧಿಯನ್ನ ಪರೀಕ್ಷೆ ಅಂತಲೇ ಶುರು ಮಾಡ್ತಾರೆ. ಬೆಕ್ಕಿಗೆ ಅಂತಲೇ ಮಾಡಿದ, ಅದರ ತೂಕಕ್ಕೆ ಸರಿಯಾದ ಸ್ಪಾಟ್-ಆನ್, ಅಂದ್ರೆ ಚರ್ಮದ ಮೇಲೆ ಹನಿ ಬಿಡೋ ಔಷಧಿ, ತಗೊಳ್ಳಿ. ತಲೆಬುರುಡೆಯ ಬುಡದಲ್ಲಿ, ನಾಲಿಗೆ ಮುಟ್ಟದ ಕಡೆ, ಕೂದಲು ಬೈತಲೆ ತೆಗೆದ ಹಾಗೆ ಸರಿಸಿ ಚರ್ಮದ ಮೇಲೇ ಬಿಡಿ. ಕೂದಲಿಗೆ ಸುರಿದ್ರೆ ದಂಡ. ಮನೆಯ ಎಲ್ಲಾ ಬೆಕ್ಕು-ನಾಯಿಗೂ ಆಯಾ ಪ್ರಾಣಿಯ ಔಷಧಿ ಒಟ್ಟಿಗೇ ಆಗಬೇಕು, ಕನಿಷ್ಠ ಮೂರು ತಿಂಗಳು. “ಒಂದು ಸಲ ಹಾಕಿದೆ, ಪ್ರಯೋಜನ ಆಗಲಿಲ್ಲ” ಅನ್ನೋರು ಎಡವೋದು ಇಲ್ಲೇ. ಸೋಫಾ ಸಂದಿಯಲ್ಲಿ ಗೂಡಿನೊಳಗಿರೋ ಚಿಗಟದ ಕೋಶಕ್ಕೆ ಯಾವ ಔಷಧಿಯೂ ಸರಿಯಾಗಿ ತಾಗಲ್ಲ. ವಾರಗಟ್ಟಲೆ ಕಾದು ಹೊರಗೆ ಬರುತ್ತೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಸೋಫಾ-ಕಾರ್ಪೆಟ್‌ಗೆ ವ್ಯಾಕ್ಯೂಮ್ ಹಾಕಿ.

[ಪರದೆ ಮೇಲೆ ದೊಡ್ಡಕ್ಷರ: ನಾಯಿಯ ಔಷಧಿ ಬೆಕ್ಕಿಗೆ ಬೇಡ]

ಇಲ್ಲಿ ಕೈಮುಗಿದು ಕೇಳ್ತೀವಿ. ನಾಯಿಯ ಉಣ್ಣೆ-ಚಿಗಟದ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ. ಅದನ್ನ ಅರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಮೈ ನಡುಗಿ, ಫಿಟ್ಸ್ ಬಂದು ಜೀವ ಹೋಗಬಹುದು. ತಪ್ಪಿ ಹಾಕಿದ್ದೀರಾ? ಪಾತ್ರೆ ತೊಳೆಯೋ ಲಿಕ್ವಿಡ್, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಓಡಿ. ಆಗಲೇ ನಡುಕ ಶುರುವಾಗಿದ್ರೆ ತೊಳೀತಾ ಕೂರದೆ ನೇರ ಹೊರಡಿ. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಬೇಡವೇ ಬೇಡ. ಬೆಕ್ಕಿಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತೆ, ಇವೆರಡೂ ಅದಕ್ಕೆ ವಿಷ.

ಬೋಳು ಎಲ್ಲಿದೆ ಅನ್ನೋದೂ ಮಾತಾಡುತ್ತೆ. ಕಿಬ್ಬೊಟ್ಟೆ ಮಾತ್ರ ನೆಕ್ಕುತ್ತಿದ್ದು, ಪದೇಪದೇ ಟ್ರೇಗೆ ಹೋಗಿ ಚೂರುಚೂರು ಉಚ್ಚೆ ಮಾಡಿದ್ರೆ ಮೂತ್ರಕೋಶದ ಉರಿಯೂತ ಇರಬಹುದು. ನೋವಿರೋ ಜಾಗದ ಮೇಲಿನ ಚರ್ಮವನ್ನ ಬೆಕ್ಕು ನೆಕ್ಕುತ್ತೆ. ಗಂಡುಬೆಕ್ಕು ತಿಣುಕಿದ್ರೂ ಉಚ್ಚೆ ಬರ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ದುಂಡಗಿನ ಬೋಳು, ಹೊಟ್ಟು, ಜೊತೆಗೆ ಮನೆ ಮಕ್ಕಳ ಕೈಮೇಲೂ ಉಂಗುರದಂಥ ಕಲೆ ಇದ್ರೆ ಹುಳುಕಡ್ಡಿ ಇರಬಹುದು. ತಲೆ-ಕುತ್ತಿಗೆ ಕೆರೆದು ಗಾಯ ಮಾಡಿಕೊಂಡಿದ್ರೆ ಕಿವಿಯ ನುಸಿ ಅಥವಾ ಆಹಾರದ ಅಲರ್ಜಿ ನೋಡಬೇಕು.

ಆಹಾರದ ಅಲರ್ಜಿಗೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಡಾಕ್ಟರ್ ಹೇಳಿದ ಒಂದೇ ಆಹಾರ, ಕನಿಷ್ಠ ಎಂಟು ವಾರ. ಆಮೇಲೆ ಹಳೇ ಆಹಾರ ಕೊಟ್ಟು ನವೆ ಮರಳುತ್ತಾ ನೋಡೋದು. ಇದು ಕೆಡೋದು ಅಡುಗೆಮನೆಯಲ್ಲಿ: ಅಜ್ಜಿ ಹಾಕೋ ಒಂದು ಚಮಚ ಹಾಲು, ಮೀನು ತೊಳೆಯುವಾಗ ಎಸೆದ ತಲೆ, ಇನ್ನೊಂದು ಬೆಕ್ಕಿನ ತಟ್ಟೆ. ಹಾಗಂತ ಬರೀ ಮೊಸರನ್ನ ಹಾಕಿ ಸಾಕಬೇಡಿ. ಮಾಂಸದಲ್ಲಿರೋ ಟಾರಿನ್ ಅನ್ನೋ ಪೋಷಕಾಂಶ ಇಲ್ಲದೆ ಬೆಕ್ಕಿನ ಹೃದಯ, ಕಣ್ಣು ಹಾಳಾಗುತ್ತೆ.

“ಒಂದು ಇಂಜೆಕ್ಷನ್ ಹಾಕಿಸಿದೆ, ಕೂದಲು ಬಂತು, ಮತ್ತೆ ಹೋಯ್ತು” ಅಂತಾರೆ. ಅದು ಬಹುಪಾಲು ಸ್ಟೀರಾಯ್ಡ್. ಅದಕ್ಕೆ ಕಡಿಮೆಯಾಯ್ತು ಅಂದ್ರೆ ನವೆಯೇ ಕಾರಣ ಇರಬಹುದು ಅನ್ನೋ ಸುಳಿವು ನಿಮಗೆ ಸಿಕ್ಕಿದೆ. ಮೂಲ ಹುಡುಕದೆ ಅದನ್ನೇ ಮತ್ತೆಮತ್ತೆ ಹಾಕಿಸಿದ್ರೆ ಸಕ್ಕರೆ ಕಾಯಿಲೆ ಬರೋ ಅಪಾಯ ಇದೆ.

ಇಷ್ಟೆಲ್ಲ ನೋಡಿಯೂ ಏನೂ ಸಿಗದಿದ್ರೆ ಆಗ ಮನಸ್ಸಿನ ಕಡೆ ಬನ್ನಿ. ಮನೆ ಬದಲಾಯ್ತಾ, ಮಗು ಬಂತಾ, ಹೊಸ ಬೆಕ್ಕು ಬಂತಾ, ಬಾಲ್ಕನಿಗೆ ಬೀದಿಬೆಕ್ಕು ಬರ್ತಿದ್ಯಾ? ಎರಡು ಬೆಕ್ಕಿದ್ರೆ ಮೂರು ಟ್ರೇ, ಬೇರೆಬೇರೆ ಕಡೆ. ಎತ್ತರದಲ್ಲಿ ಕೂರೋಕೆ ಜಾಗ. ದಿನಕ್ಕೆರಡು ಸಲ ಹತ್ತು ನಿಮಿಷ ಕೋಲಿಗೆ ಕಟ್ಟಿದ ಗರಿಯ ಆಟ. ಕೊನೆಗೆ ಹಿಡಿಯೋಕೆ ಬಿಟ್ಟು ಊಟ ಹಾಕಿ. ನೆಕ್ಕುವಾಗ ಗದರಬೇಡಿ, ಭಯ ಹೆಚ್ಚಾಗುತ್ತೆ. ಕೊರಳಿಗೆ ಹಾಕೋ ಕೋನ್ ಗಾಯ ಕಾಪಾಡುತ್ತೆ, ನವೆ ತೆಗೆಯಲ್ಲ. ಆತಂಕ ಕಡಿಮೆ ಮಾಡೋ ಫ್ಲೂಆಕ್ಸೆಟಿನ್‌ನಂಥ ಮಾತ್ರೆಯನ್ನ ಡಾಕ್ಟರೇ ಬರೆದುಕೊಡಬೇಕು, ಗುಣ ಕಾಣೋಕೆ ನಾಲ್ಕರಿಂದ ಆರು ವಾರ ಬೇಕು.

[ದೃಶ್ಯ: ಬೋಳು ಜಾಗದ ಪಕ್ಕ ಹತ್ತು ರೂಪಾಯಿ ನಾಣ್ಯ]

ಪ್ರತಿ ಭಾನುವಾರ ಅದೇ ಬೆಳಕಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ. ಕೂದಲು ಪೂರ್ತಿ ತುಂಬೋಕೆ ಎರಡು-ಮೂರು ತಿಂಗಳು ಬೇಕು, ದಿನಾ ನೋಡೋ ಕಣ್ಣಿಗೆ ಬದಲಾವಣೆ ಕಾಣಲ್ಲ. ಡಾಕ್ಟರ್ ಹತ್ರ ಹೋಗುವಾಗ ಆ ಫೋಟೋಗಳು, ಚಿಗಟದ ಔಷಧಿ ಹಾಕಿದ ತಾರೀಖು, ಕೊಡ್ತಿರೋ ಆಹಾರದ ಪ್ಯಾಕೆಟ್ಟು, ಮೂರೂ ಜೊತೆಗಿರಲಿ.