ನೈಲ್ ನಡುವಿನ ಹಳೇ ಚೆಕ್‌ಪೋಸ್ಟ್

ಈ ವಿಡಿಯೋದಲ್ಲಿ ನಾನು ಬಾಯಿ ಆಡಿಸುವುದು ಕಾಣುತ್ತದೆ, ಆದರೆ ಮಾತು ಕೇಳಿಸುವುದಿಲ್ಲ. ಮೈಕಿಗೆ ಹಾಕುವ ರೋಮದ ಟೋಪಿಯನ್ನು ಲಾಡ್ಜಿನಲ್ಲೇ ಬಿಟ್ಟು ಹೋಗಿದ್ದೆ, ನಾಲ್ಕು ಗಂಟೆಯ ಫುಟೇಜ್ ತುಂಬಾ ಬರೀ ಗಾಳಿ. ಅದಕ್ಕೇ ಈಗ ಮನೆಯಲ್ಲಿ ಫ್ಯಾನ್ ಆಫ್ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಮಾತು ಸೇರಿಸುತ್ತಿದ್ದೇನೆ. ತೆಗೆದದ್ದು 2022ರ ಡಿಸೆಂಬರ್‌ನಲ್ಲಿ. ಇಷ್ಟು ದಿನ ಯಾಕೆ ಹಾಕಲಿಲ್ಲ ಅಂತ ಆಮೇಲೆ ಹೇಳುತ್ತೇನೆ.

ಜಾಗದ ಹೆಸರು ಉರೊನಾರ್ತಿ, ನೈಲ್ ನದಿಯ ನಡುವಿನ ಒಂದು ದ್ವೀಪ, ಅದರ ಮೇಲೆ ಒಂದು ಹಳೇ ಕೋಟೆ. ಸುಡಾನಿನ ಉತ್ತರ ತುದಿಯಲ್ಲಿ ವಾದಿ ಹಲ್ಫಾ ಅಂತ ಒಂದು ಊರು, ಅಲ್ಲಿಂದ ದಕ್ಷಿಣಕ್ಕೆ ಪಿಕಪ್ ಗಾಡಿಯಲ್ಲಿ ಹೋಗಬೇಕು. ಸ್ವಲ್ಪ ದೂರ ಟಾರು ರಸ್ತೆ, ಆಮೇಲೆ ರಸ್ತೆ ಅನ್ನುವುದೇ ಇಲ್ಲ. ಈ ಪ್ರದೇಶವನ್ನು ಅರಬಿಯಲ್ಲಿ ಬತ್ನ್ ಅಲ್ ಹಜರ್ ಅನ್ನುತ್ತಾರೆ, ಅಂದರೆ ಕಲ್ಲಿನ ಹೊಟ್ಟೆ. ನೋಡಿ, ಹೆಸರು ಸುಮ್ನೆ ಇಟ್ಟಿಲ್ಲ. ಎತ್ತ ನೋಡಿದರೂ ಕರೀ ಬಂಡೆ, ಮಧ್ಯದಲ್ಲಿ ಮರಳು, ಒಂದು ಗಿಡವೂ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಅಷ್ಟು ನೀಲಿ ನೀರು.

ಮೀನು ಹಿಡಿಯುವವರ ದೋಣಿಯಲ್ಲಿ ದಾಟಿದೆವು. ನಾನು ಕೈ ಬೀಸುತ್ತಿರುವುದು ನಿಮಗೆ ಟಾಟಾ ಮಾಡುವುದಕ್ಕಲ್ಲ, ನೊಣ ಓಡಿಸುವುದಕ್ಕೆ. ನಿಮಿತ್ತಿ ಅಂತ ಇದರ ಹೆಸರು, ಚಳಿಗಾಲದಲ್ಲಿ ಕಣ್ಣು, ಮೂಗು, ಕಿವಿ ಯಾವುದನ್ನೂ ಬಿಡುವುದಿಲ್ಲ. ದೋಣಿಯವರು ತಲೆ ಪೂರ್ತಿ ಬಟ್ಟೆ ಸುತ್ತಿಕೊಂಡು ಆರಾಮಾಗಿ ಕೂತಿದ್ದರು.

ಇದೇ ಕೋಟೆ. ಮೊದಲ ನೋಟಕ್ಕೆ ಬೆಟ್ಟದ ಮೇಲೆ ಯಾರೋ ಮಣ್ಣು ಸುರಿದ ಹಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತು, ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು. ಹತ್ತಿರ ಹೋದ ಮೇಲೆ ಗೋಡೆ ಗೋಡೆಯಾಗಿ ಕಾಣತೊಡಗಿತು. ಸುಮಾರು ಐದು ಮೀಟರ್ ದಪ್ಪ, ಎಲ್ಲಾ ಸುಡದ ಹಸಿ ಇಟ್ಟಿಗೆ. ಬೆಟ್ಟದ ಮೈ ಹೇಗಿದೆಯೋ ಹಾಗೇ ಕಟ್ಟಿದ್ದಾರೆ, ಹಾಗಾಗಿ ಇಡೀ ಕೋಟೆ ತ್ರಿಕೋನ. ಇಟ್ಟಿಗೆ ಸಾಲುಗಳ ನಡುವೆ ಹುಲ್ಲಿನ ಚಾಪೆ ಹಾಸಿ, ಅಲ್ಲಲ್ಲಿ ಮರದ ತೊಲೆ ಕೊಟ್ಟಿದ್ದಾರೆ. ಮಳೆ ಅನ್ನುವುದು ಇಲ್ಲದ ಊರಾದ್ದರಿಂದ ಆ ಹುಲ್ಲು ಇನ್ನೂ ಹುಲ್ಲಾಗಿಯೇ ಇದೆ. ಮುಟ್ಟಬಾರದು, ನಾನೂ ಮುಟ್ಟಲಿಲ್ಲ, ಕ್ಯಾಮೆರಾ ಮಾತ್ರ ಹತ್ತಿರ ಹಿಡಿದೆ.

ಕಟ್ಟಿಸಿದ್ದು ಮೂರನೇ ಸೆನುಸ್ರೆತ್ ಎಂಬ ಫೇರೋ, ಅಂದರೆ ಈಜಿಪ್ಟಿನ ರಾಜ, ಸುಮಾರು 3,850 ವರ್ಷದ ಹಿಂದೆ. ಈಜಿಪ್ಟಿಗೆ ನೂಬಿಯಾದ, ಅಂದರೆ ಈಗಿನ ದಕ್ಷಿಣ ಈಜಿಪ್ಟ್ ಮತ್ತು ಉತ್ತರ ಸುಡಾನಿನ ಸೀಮೆಯ, ಚಿನ್ನ ಬೇಕಿತ್ತು, ದಕ್ಷಿಣದ ಕುಷ್ ರಾಜ್ಯದ ಭಯವೂ ಇತ್ತು. ಹಾಗಾಗಿ ಹೊಳೆಯುದ್ದಕ್ಕೂ ಕೋಟೆಗಳ ಸರಪಳಿಯನ್ನೇ ಹಾಕಿದರು: ಬುಹೆನ್, ಮಿರ್ಗಿಸ್ಸಾ, ಶಲ್ಫಾಕ್, ಉರೊನಾರ್ತಿ, ತುದಿಯಲ್ಲಿ ಹೊಳೆಯ ಎರಡೂ ದಡದಲ್ಲಿ ಸೆಮ್ನಾ ಮತ್ತು ಕುಮ್ಮಾ. ನೈಲ್ ಉತ್ತರಕ್ಕೆ ಹರಿಯುತ್ತದೆ, ಆದ್ದರಿಂದ ದಕ್ಷಿಣದಿಂದ ಬರುವವರೆಲ್ಲ ಪ್ರವಾಹದ ಜೊತೆಗೇ ಕೆಳಗಿಳಿದು ಬರಬೇಕು, ಅವರನ್ನು ಇಲ್ಲೇ ತಡೆಯಬೇಕು.

ನಾನು ಇಲ್ಲಿ ಕತ್ತಿ, ಈಟಿ, ಯುದ್ಧದ ಕಥೆ ಹುಡುಕಿಕೊಂಡು ಹೋಗಿದ್ದೆ. ಅಗೆದವರಿಗೆ ಸಿಕ್ಕಿದ್ದು ಸಾವಿರಾರು ಮಣ್ಣಿನ ಸೀಲುಗಳು! ಚೀಲ, ಪೆಟ್ಟಿಗೆ, ಬಾಗಿಲಿಗೆ ಅರಗಿನ ಮುದ್ರೆ ಒತ್ತುವ ಹಾಗೆ ಒತ್ತಿದವು. ಜೊತೆಗೆ ರೊಟ್ಟಿಯ ಆಕಾರದ ಮರದ ತುಂಡುಗಳು, ಮೇಲೆ ಎಷ್ಟು ಧಾನ್ಯ ಅಂತ ಬರೆದದ್ದು. ರೇಷನ್ ಟೋಕನ್ ಅನ್ನಿ. ಅಂದರೆ ಇಲ್ಲಿ ಇದ್ದವರು ದಿನವೂ ಮಾಡುತ್ತಿದ್ದದ್ದು ಯುದ್ಧಕ್ಕಿಂತ ಜಾಸ್ತಿ ಲೆಕ್ಕ. ಈ ಕಣಜದ ಗೋಡೆಗಳನ್ನು ನೋಡುತ್ತಾ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ಸೈನಿಕನಲ್ಲ, ಸೀಲು ಹಿಡಿದು ಕೂತ ಗುಮಾಸ್ತ.

ಪತ್ರಗಳೂ ಇವೆ. ಪಕ್ಕದ ಸೆಮ್ನಾದ ಮತ್ತು ಸುತ್ತಲಿನ ಕೋಟೆಗಳ ವರದಿಗಳ ನಕಲು ಈಜಿಪ್ಟಿನ ಥೀಬ್ಸ್ ನಗರದ ಒಂದು ಗೋರಿಯಲ್ಲಿ ಸಿಕ್ಕಿತು. ಒಂದರಲ್ಲಿ, ಗಸ್ತು ಹೋದವರು ಮರಳಿನಲ್ಲಿ 32 ಜನ, 3 ಕತ್ತೆಗಳ ಹೆಜ್ಜೆ ಗುರುತು ಕಂಡೆವು ಅಂತ ವರದಿ ಮಾಡಿದ್ದಾರೆ. ಕತ್ತೆ ಕೂಡ ಎಣಿಸಿದ್ದಾರೆ ನೋಡಿ. ಅದೇ ಕಟ್ಟಿನಲ್ಲಿ ಬೇರೆ ಕೋಟೆಯಿಂದ ಬಂದ ಇನ್ನೊಂದು ಪತ್ರವಿದೆ. ಮರಳುಗಾಡಿನಿಂದ ಕೆಲವು ಗಂಡಸರು, ಹೆಂಗಸರು ಇಳಿದು ಬಂದು ಕೆಲಸ ಕೇಳಿದರು, ಅಲ್ಲಿ ಹೇಗಿದೆ ಅಂತ ವಿಚಾರಿಸಿದರೆ ಮರಳುಗಾಡು ಹಸಿವಿನಿಂದ ಸಾಯುತ್ತಿದೆ ಅಂದರು, ಅದೇ ದಿನ ಅವರನ್ನು ವಾಪಸ್ ಕಳಿಸಿದೆವು. ಅಷ್ಟೇ ಬರೆದಿದೆ.

ಇದಕ್ಕೆ ರಾಜನ ಆದೇಶವೇ ಇತ್ತು. ಸೆನುಸ್ರೆತ್ ತನ್ನ ಆಳ್ವಿಕೆಯ ಎಂಟನೇ ವರ್ಷದಲ್ಲಿ ಸೆಮ್ನಾದಲ್ಲಿ ಕಲ್ಲು ನೆಡಿಸಿ, ನೂಬಿಯಾದವರು ಯಾರೂ ನೆಲದ ಮೇಲಾಗಲಿ ದೋಣಿಯಲ್ಲಾಗಲಿ ಉತ್ತರಕ್ಕೆ ದಾಟುವಂತಿಲ್ಲ ಅಂತ ಬರೆಸಿದ. ವ್ಯಾಪಾರಕ್ಕೆ ಬಂದವರಿಗೂ ದೂತರಿಗೂ ಮಾತ್ರ ವಿನಾಯಿತಿ.

ಕೋಟೆಗಳ ಕೊನೆ ಬಂದದ್ದು ಶತ್ರುಗಳಿಂದಲ್ಲ. ಅಸ್ವಾನ್ ಹೈ ಡ್ಯಾಮ್‌ನಿಂದಾಗಿ 1964ರಿಂದ ನೀರು ಏರಿತು, ಸುಡಾನ್ ಭಾಗದ ಸುಮಾರು 50,000 ನೂಬಿಯನ್ನರನ್ನು ಎತ್ತಿ ನೂರಾರು ಮೈಲಿ ದೂರದ ಹೊಸ ಹಲ್ಫಾಕ್ಕೆ ಸಾಗಿಸಿದರು. ಸೆಮ್ನಾದ ಕಲ್ಲಿನ ಗುಡಿಗಳನ್ನು ಬಿಚ್ಚಿ ಖಾರ್ತೂಮ್‌ಗೆ ಒಯ್ದರು. ಹಸಿ ಇಟ್ಟಿಗೆಯನ್ನು ಹಾಗೆ ಬಿಚ್ಚಲು ಆಗುತ್ತದಾ? ಬುಹೆನ್ ನೀರಲ್ಲಿ ಕರಗಿ ಹೋಯಿತು. ಎಲ್ಲವೂ ಮುಳುಗಿತು ಅಂತಲೇ ತುಂಬಾ ವರ್ಷ ಅಂದುಕೊಂಡಿದ್ದರು, ಈ ಶತಮಾನದಲ್ಲಿ ಬಂದು ನೋಡಿದರೆ ಎತ್ತರದಲ್ಲಿದ್ದ ಉರೊನಾರ್ತಿ, ಶಲ್ಫಾಕ್ ಎರಡೂ ಒಣಗಿಕೊಂಡು ನಿಂತಿದ್ದವು. ದೋಣಿಯವರ ತಾತನ ಊರು ನಾವು ದಾಟಿ ಬಂದ ನೀರಿನ ಕೆಳಗೇ ಇದೆಯಂತೆ. ಎಲ್ಲಿ ಅಂತ ಕೇಳಿದೆ, ದೋಣಿಯ ಹುಟ್ಟು ಎತ್ತಿ ಸುಮ್ನೆ ಒಂದು ಕಡೆ ತೋರಿಸಿದರು.

ವಿಡಿಯೋ ಎಡಿಟ್ ಮಾಡುತ್ತಿದ್ದಾಗ, 2023ರ ಏಪ್ರಿಲ್ 15ಕ್ಕೆ, ಸುಡಾನಿನಲ್ಲಿ ಯುದ್ಧ ಶುರುವಾಯಿತು. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡದ್ದು, ಭಾರತೀಯರನ್ನು ವಾಪಸ್ ಕರೆತಂದ ಆಪರೇಷನ್ ಕಾವೇರಿ, ಎಲ್ಲಾ ನಿಮಗೆ ನೆನಪಿರಬೇಕು. ನಾನು ದೋಣಿಯವರಿಗೆ ಮೆಸೇಜ್ ಹಾಕಿದೆ. ಎಷ್ಟೋ ದಿನ ಒಂದೇ ಟಿಕ್. ಜೂನ್‌ನಲ್ಲಿ ವಾಯ್ಸ್ ಮೆಸೇಜ್ ಬಂತು, ಅರಬಿ ಗೊತ್ತಿರುವ ಗೆಳೆಯನಿಂದ ಕೇಳಿಸಿಕೊಂಡೆ. ವಾದಿ ಹಲ್ಫಾ ತುಂಬಾ ಖಾರ್ತೂಮ್‌ನಿಂದ ಓಡಿ ಬಂದವರೇ ಅಂತೆ. ಮೊದಲು 16ರಿಂದ 50 ವಯಸ್ಸಿನ ಗಂಡಸರಿಗೆ ಮಾತ್ರ ಈಜಿಪ್ಟ್ ವೀಸಾ ಬೇಕಿತ್ತು, ಆ ತಿಂಗಳಿಂದ ಎಲ್ಲರಿಗೂ ಬೇಕಾಯಿತು. ಅವರ ಮನೆಯಲ್ಲಿ ಮೂರು ಕುಟುಂಬ ಇಳಿದುಕೊಂಡಿವೆ, ಉತ್ತರಕ್ಕೆ ಹೋಗಲು ಒಂದು ಸೀಲಿಗಾಗಿ ಕಾಯುತ್ತಾ. ಕೊನೆಯಲ್ಲಿ, ನಿನ್ನ ವಿಡಿಯೋ ಆಯಿತಾ ಅಂತ ಕೇಳಿದ್ದಾರೆ.